ಬಸ್ಸಿಗೆ ಟ್ರಿಪ್ ಶೀಟ್ ಇದೆ, ದೂರಿಗೆ ರಸೀದಿ ಇಲ್ಲ: ತುಮಕೂರಿನ ಶಾಲೆಯೊಂದರ ಪೋಷಕರ ಕೈಪಿಡಿ

ತುಮಕೂರಿನ ಖಾಸಗಿ ಶಾಲೆಯೊಂದು ದಾಖಲಾತಿ ರಸೀದಿಯ ಜೊತೆಗೆ ಪೋಷಕರ ಕೈಗೆ ಒಂದು ಪುಸ್ತಿಕೆ ಇಡುತ್ತಿದೆ. 32 ಪುಟ, ಹಳದಿ ರಟ್ಟು, ಕೊನೆಯಲ್ಲಿ ಹರಿದು ಕೊಡುವ ಒಂದು ಹಾಳೆ: 'ಮೇಲಿನ ಎಲ್ಲ ನಿಯಮಗಳನ್ನು ಓದಿ ಒಪ್ಪಿದ್ದೇನೆ'. ಸಾಲಿನಲ್ಲಿ ನಿಂತವರು ಹಾಳೆಯನ್ನು ಗೋಡೆಗೆ ಒತ್ತಿ ಹಿಡಿದು ಸಹಿ ಹಾಕಿ ಕೊಟ್ಟುಬಿಡುತ್ತಾರೆ. ಹುಟ್ಟುಹಬ್ಬಕ್ಕೆ ಚಾಕೊಲೇಟ್ ಹಂಚಬಾರದು, ಶನಿವಾರ ಬಿಳಿ ಶೂ ಎನ್ನುವ ಪುಟಗಳನ್ನು ಓದದಿದ್ದರೂ ನಡೆಯುತ್ತದೆ. ಓದಲೇಬೇಕಾದವು ಎರಡು ಅಧ್ಯಾಯ. ಒಂದು ಶಾಲಾ ವಾಹನದ್ದು, ಇನ್ನೊಂದು ಶಿಕ್ಷಕರ ಮೇಲಿನ ದೂರಿನದ್ದು. ಈ ವಿಮರ್ಶೆ ಅವೆರಡಕ್ಕೆ ಮಾತ್ರ.

ಎರಡನ್ನೂ ಒಬ್ಬರೇ ಬರೆದಿಲ್ಲ ಎನ್ನುವುದು ನಾಲ್ಕು ಸಾಲಿಗೇ ಗೊತ್ತಾಗುತ್ತದೆ. ವಾಹನದ ಅಧ್ಯಾಯ ಬರೆದವರು ಬೆಳಗಿನ ಆರೂವರೆಗೆ ಅಂಗಳದಲ್ಲಿ ನಿಂತು ಡೀಸೆಲ್ ಹೊಗೆ ಕುಡಿದವರು. ದೂರಿನ ಅಧ್ಯಾಯ ಬರೆದವರು ಫ್ಯಾನ್ ಕೆಳಗೆ ಕೂತು, ಶಾಲೆಯ ಹೆಸರಿಗೆ ಮಸಿ ಹತ್ತದಿರಲು ಏನು ಮಾಡಬೇಕು ಎಂದಷ್ಟೇ ಯೋಚಿಸಿದವರು. ಮೊದಲನೆಯದಕ್ಕೆ ಐದಕ್ಕೆ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ಎರಡನೆಯದಕ್ಕೆ ಒಂದೂವರೆ, ಆ ಅರ್ಧ ಅಂಕವೂ ದೂರಿನ ನಮೂನೆ ಕನ್ನಡದಲ್ಲಿದೆ ಎಂಬ ಕಾರಣಕ್ಕೆ.

ಬಸ್ಸಿನ ಅಧ್ಯಾಯದ ಮೊದಲ ಪುಟದಲ್ಲೇ ಪ್ರತಿ ಬಸ್ಸಿನ ನೋಂದಣಿ ಸಂಖ್ಯೆ, ಅದರ ಎದುರಿಗೆ ಎಫ್‌ಸಿ (ವಾಹನ ಓಡಲು ಯೋಗ್ಯ ಎಂಬ ಪ್ರಮಾಣಪತ್ರ), ಇನ್ಶೂರೆನ್ಸ್, ಟ್ಯಾಕ್ಸ್, ಎಮಿಷನ್ ಮುಗಿಯುವ ತಾರೀಖು ಇವೆ. ಇದನ್ನು ಮುದ್ರಿಸಿ ಕೊಡಲು ಧೈರ್ಯ ಬೇಕು. ಏಕೆಂದರೆ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಒತ್ತಿ ಯಾರು ಬೇಕಾದರೂ ತಾಳೆ ನೋಡಬಹುದು. ಸಾರಿಗೆ ವಾಹನಕ್ಕೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ ಎಫ್‌ಸಿ, ಆಮೇಲೆ ಪ್ರತಿ ವರ್ಷ. ಆ ತಾರೀಖು ಏಪ್ರಿಲ್, ಮೇನಲ್ಲಿ ಬಿದ್ದರೆ ಒಳ್ಳೆಯದು. ರಜೆಯಲ್ಲಿ ಟಿಂಕರಿಂಗ್, ಪೇಂಟಿಂಗ್ ಮುಗಿಸಿ ಬಸ್ಸನ್ನು ಆರ್‌ಟಿಒ ಮುಂದೆ ನಿಲ್ಲಿಸಬಹುದು. ಪಟ್ಟಿಯಲ್ಲಿ ಆಗಸ್ಟ್ ತಾರೀಖಿನ ಒಂದು ಬಸ್ ಇದೆ. ಆ ರೂಟಿನವರು ಆ ವಾರ ಬದಲಿ ಬಸ್ ಯಾವುದು ಎಂದು ಈಗಲೇ ಕೇಳಿಡಬೇಕು. ಕೇಳದಿದ್ದರೆ ಎರಡು ರೂಟಿನ ಮಕ್ಕಳನ್ನು ಒಂದೇ ಬಸ್ಸಿಗೆ ತುಂಬುವುದೇ ಬದಲಿ ವ್ಯವಸ್ಥೆಯಾಗುತ್ತದೆ.

ಶಾಲಾ ಬಸ್ ಹಳದಿ ಬಣ್ಣದಲ್ಲಿರಬೇಕು, ಕಿಟಕಿಗೆ ಅಡ್ಡ ಸರಳು ಬೇಕು, ಪ್ರಥಮ ಚಿಕಿತ್ಸಾ ಪೆಟ್ಟಿಗೆ, ಬೆಂಕಿ ನಂದಿಸುವ ಸಿಲಿಂಡರ್, ಮಕ್ಕಳನ್ನು ನೋಡಿಕೊಳ್ಳಲು ಒಬ್ಬ ಅಟೆಂಡರ್ ಇರಬೇಕು, ಚಾಲಕನಿಗೆ ಭಾರಿ ವಾಹನ ಓಡಿಸಿದ ಐದು ವರ್ಷದ ಅನುಭವ ಬೇಕು ಎಂಬುದೆಲ್ಲ 1997ರ ಸುಪ್ರೀಂ ಕೋರ್ಟ್ ಸೂಚನೆಗಳಿಂದ ಬಂದದ್ದು. ಕರ್ನಾಟಕ 2012ರಲ್ಲಿ ಶಾಲಾ ಮಕ್ಕಳನ್ನು ಒಯ್ಯುವ ವಾಹನಗಳಿಗೆಂದೇ ಬೇರೆ ನಿಯಮ ಮಾಡಿತು. ಬಹಳ ಶಾಲೆಗಳು ಇವನ್ನು ಹಾಗೇ ನಕಲಿಸಿ ಕೈಪಿಡಿ ಎನ್ನುತ್ತವೆ. ಇಲ್ಲಿ ಪ್ರತಿಯೊಂದನ್ನೂ ಯಾರೋ ಒಬ್ಬರ ದಿನದ ಕೆಲಸವಾಗಿ ಬದಲಾಯಿಸಿದ್ದಾರೆ. ಸಿಲಿಂಡರ್ ವಿಷಯವನ್ನೇ ತೆಗೆದುಕೊಳ್ಳಿ. ಪ್ರತಿ ಸೋಮವಾರ ಅದರ ಮುಳ್ಳು ಹಸಿರು ಪಟ್ಟಿಯಲ್ಲಿದೆಯೇ ಎಂದು ನೋಡಿ, ಬಸ್ಸಿನ ದಿನದ ಓಟ ಬರೆದಿಡುವ ಟ್ರಿಪ್ ಶೀಟಿನಲ್ಲಿ ಗುರುತು ಹಾಕಬೇಕು. ತಿಂಗಳಿಗೊಮ್ಮೆ ಕ್ಲ್ಯಾಂಪಿನಿಂದ ಬಿಚ್ಚಿ ತಲೆಕೆಳಗೆ ಮಾಡಿ ಅಲ್ಲಾಡಿಸಬೇಕು. ಬಸ್ಸಿನ ಕುಲುಕಾಟಕ್ಕೆ ಒಳಗಿನ ಪೌಡರ್ ತಳದಲ್ಲಿ ಗಟ್ಟಿಯಾಗುತ್ತದೆ. ಮುಳ್ಳು ಹಸಿರಿನಲ್ಲೇ ಇದ್ದರೂ ಒತ್ತಿದಾಗ ಬರೀ ಗಾಳಿ ಬರಬಹುದು. ಇದನ್ನು ಬರೆದವರಿಗೆ ಕೆಲಸ ಗೊತ್ತು.

ವೇಗದ ವಿಷಯದಲ್ಲೂ ಹಾಗೇ. ಕೇಂದ್ರ ಮೋಟಾರು ವಾಹನ ನಿಯಮ 118 ಶಾಲಾ ಬಸ್ಸಿಗೆ ಗಂಟೆಗೆ 60 ಕಿ.ಮೀ. ಎನ್ನುತ್ತದೆ, ಸುಪ್ರೀಂ ಕೋರ್ಟ್ ಸೂಚನೆ 40 ಎನ್ನುತ್ತದೆ. 60ಕ್ಕೆ ಸೆಟ್ ಆದ ಬಸ್ಸನ್ನು ಹಾಗೇ ಓಡಿಸಿ 'ಸ್ಪೀಡ್ ಗವರ್ನರ್ (ವೇಗ ಮಿತಿ ದಾಟದಂತೆ ತಡೆಯುವ ಸಾಧನ) ಇದೆ' ಎಂದು ಹೇಳುವುದು ಸುಲಭ. ಕೈಪಿಡಿ 40 ಎಂದು ಬರೆದು, ಅದರ ಬೆನ್ನಿಗೇ ಹೆದ್ದಾರಿಯ ಮಾತು ಎತ್ತುತ್ತದೆ. ಕ್ಯಾತ್ಸಂದ್ರದಿಂದ ಬಟವಾಡಿಯ ಕಡೆಗೆ ಬರುವಾಗ ಮುಖ್ಯ ರಸ್ತೆಯಲ್ಲಿ 40ರಲ್ಲಿ ಹೋಗುವ ಬಸ್ಸಿನ ಹಿಂದೆ 80ರಲ್ಲಿ ಲಾರಿ ಬರುತ್ತಿರುತ್ತದೆ. ಅಲ್ಲಿ ನಿಧಾನವೇ ಅಪಾಯ. ಹಾಗಾಗಿ ಸರ್ವಿಸ್ ರಸ್ತೆ ಇರುವ ಕಡೆಯೆಲ್ಲ ಅದರಲ್ಲೇ ಹೋಗಬೇಕು, ಅದಕ್ಕೆ ಹಿಡಿಯುವ ಹೆಚ್ಚಿನ ಹೊತ್ತನ್ನು ವೇಳಾಪಟ್ಟಿಯಲ್ಲೇ ಸೇರಿಸಬೇಕು. ಗವರ್ನರ್ ವೈರ್ ಕಿತ್ತಿಟ್ಟು ಓಡಿಸುವುದು ಹಳೇ ಚಾಳಿ. ಪತ್ತೆಗೆ ಎರಡು ದಾರಿ: ಸೀಲ್ ಹಾಕಿದ ತಂತಿ ತುಂಡಾಗಿದೆಯೇ ನೋಡುವುದು, ಇಲ್ಲವೇ ಬಸ್ ಓಡುವಾಗ ಸ್ಪೀಡೋಮೀಟರ್ ಮುಳ್ಳು ಸೊನ್ನೆಯಲ್ಲೇ ಮಲಗಿದೆಯೇ ನೋಡುವುದು. ಬಹಳ ಬಸ್ಸುಗಳಲ್ಲಿ ಗವರ್ನರಿಗೂ ಸ್ಪೀಡೋಮೀಟರಿಗೂ ಒಂದೇ ಸೆನ್ಸರ್. 'ಮೀಟರ್ ಕೆಟ್ಟಿದೆ ಸರ್' ಎಂಬ ಉತ್ತರ ಬಂದರೆ ಶಾಲೆಯ ಜಿಪಿಎಸ್ ಆ್ಯಪ್‌ನಲ್ಲಿ ಆ ದಿನದ ಗರಿಷ್ಠ ವೇಗ ನೋಡಿ.

ಇಡೀ ಪುಸ್ತಿಕೆಯಲ್ಲಿ ಅತಿ ಚೆನ್ನಾಗಿರುವುದು ಒಂದು ಅಡಿ ಉದ್ದದ ರಟ್ಟಿನ ಬೋರ್ಡಿನ ವಿವರಣೆ. ಒಂದು ಮುಖ ಕೆಂಪು, ಇನ್ನೊಂದು ಮುಖ ಹಸಿರು, ಹಸಿರಿನ ಮೇಲೆ 'ಬಸ್ ಖಾಲಿ'. ಅದನ್ನು ನೇತುಹಾಕಿರುವುದು ಕೊನೆಯ ಸೀಟಿನ ಹಿಂದಿನ ಗಾಜಿಗೆ. ಮಕ್ಕಳು ಇಳಿದ ಮೇಲೆ ಆಯಾ ಅಲ್ಲಿಯವರೆಗೆ ನಡೆದು ಹೋಗಿ, ಎರಡೂ ಕಡೆಯ ಸೀಟು ಮತ್ತು ಸೀಟಿನ ಕೆಳಗೆ ಬಗ್ಗಿ ನೋಡಿ, ಬೋರ್ಡ್ ತಿರುಗಿಸಬೇಕು. ಅಂಗಳದಲ್ಲಿ ನಿಂತ ಇನ್‌ಚಾರ್ಜ್‌ಗೆ ಹೊರಗಿನಿಂದ ಹಸಿರು ಕಾಣುವವರೆಗೆ ಚಾಲಕ ಕೀಲಿ ತೆಗೆದು ಹೋಗುವಂತಿಲ್ಲ. ನಿದ್ದೆ ಹೋದ ಎಲ್‌ಕೆಜಿ ಮಗು ಹಿಂದಿನ ಸೀಟಿನಲ್ಲೇ ಉಳಿದು, ಬಸ್ ಬಿಸಿಲಲ್ಲಿ ನಿಂತುಬಿಡುವ ಅನಾಹುತಕ್ಕೆ ಸೆನ್ಸರಿಗಿಂತ ಈ ಬೋರ್ಡೇ ಗಟ್ಟಿ ಕಾವಲು. ಕೆಲವು ಕಡೆ ಇದನ್ನು ಬಾಗಿಲ ಪಕ್ಕ ನೇತುಹಾಕುತ್ತಾರೆ, ತಿರುಗಿಸಲು ಸುಲಭ ಎಂದು. ಸುಲಭವಾದರೆ ಅದರ ಕೆಲಸವೇ ಹೋಯಿತು.

ಇಳಿಸುವ ಕ್ರಮವೂ ಸರಿ ಇದೆ. ಆಯಾ ಮೊದಲು ಇಳಿಯಬೇಕು, ಕೊನೆಗೆ ಹತ್ತಬೇಕು. ರಸ್ತೆ ದಾಟುವ ಮಗುವನ್ನು ಬಸ್ಸಿನ ಮುಂದೆ ಕನಿಷ್ಠ ಹತ್ತು ಅಡಿ ದೂರಕ್ಕೆ ಕರೆದೊಯ್ದು ಚಾಲಕನ ಕಣ್ಣಿಗೆ ಬೀಳುವಂತೆ ನಿಲ್ಲಿಸಿ ದಾಟಿಸಬೇಕು. ಬಾನೆಟ್ಟಿಗೆ ಅಂಟಿ ನಡೆಯುವ ಪುಟ್ಟ ಮಗು ಸೀಟಿನಲ್ಲಿ ಕೂತವನಿಗೆ ಕಾಣುವುದೇ ಇಲ್ಲ. ಬಿದ್ದ ನೀರಿನ ಬಾಟಲಿ ಎತ್ತಲು ಬಗ್ಗಿದ ಮಗು ಇನ್ನೂ ಕಾಣುವುದಿಲ್ಲ. ಚಾಲಕ ರಜೆ ಹಾಕಿದರೆ ಬದಲಿ ಚಾಲಕನ ಫೋಟೊ, ಹೆಸರು ಹಿಂದಿನ ರಾತ್ರಿಯೇ ರೂಟ್ ಗುಂಪಿಗೆ ಬರಬೇಕು ಎಂಬ ನಿಯಮವೂ ಇದೆ. ಒಳ್ಳೆಯದು, ಏಕೆಂದರೆ ಗೊತ್ತಿರುವ ಚಾಲಕನಿಗಿಂತ ಹೆಚ್ಚು ತಪ್ಪುಗಳಾಗುವುದು ಯಾವ ಸ್ಟಾಪಿನಲ್ಲಿ ಯಾವ ಮಗು ಎಂದು ಗೊತ್ತಿಲ್ಲದ, ಒಂದು ದಿನದ ಮಟ್ಟಿಗೆ ಬಂದ ಚಾಲಕನಿಂದ.

ಲೆಕ್ಕ ತಪ್ಪಿರುವುದು ಕಾಯುವ ಹೊತ್ತಿನಲ್ಲಿ. ಪ್ರತಿ ಸ್ಟಾಪಿನಲ್ಲಿ ಎರಡು ನಿಮಿಷ ಕಾಯುತ್ತೇವೆ ಎಂದು ಬರೆದಿದ್ದಾರೆ. ಹೆಗ್ಗೆರೆ ಕಡೆಯ ರೂಟಿಗೆ 18 ಸ್ಟಾಪ್. ಅಂದರೆ ನಿಂತೇ 36 ನಿಮಿಷ, ಓಡುವ ಹೊತ್ತು ಬೇರೆ. ಒಟ್ಟು ಪ್ರಯಾಣ 50 ನಿಮಿಷ ಎಂದು ಅದೇ ಪುಟದಲ್ಲಿದೆ. 14 ನಿಮಿಷದಲ್ಲಿ ಗುಬ್ಬಿ ಗೇಟ್ ದಾಟಿ ಊರೊಳಗೆ ಬರಲು 40ರ ಗವರ್ನರ್ ಬಿಡುವುದಿಲ್ಲ, ಬಿಟ್ಟರೂ ಟ್ರಾಫಿಕ್ ಬಿಡುವುದಿಲ್ಲ. ಎರಡರಲ್ಲಿ ಒಂದು ಸುಳ್ಳು. ವಾಸ್ತವದಲ್ಲಿ ಒಂದು ಸ್ಟಾಪಿಗೆ 45 ಸೆಕೆಂಡ್ ಸಾಕು, ಒಟ್ಟು ಹದಿಮೂರೂವರೆ ನಿಮಿಷ. ಮಕ್ಕಳು ಬಸ್ ಬರುವ ಐದು ನಿಮಿಷ ಮೊದಲೇ ಬಂದು ನಿಂತಿರಬೇಕು, ಬಸ್ ಯಾರಿಗೂ ಹಾರ್ನ್ ಹೊಡೆದು ಕಾಯಬಾರದು. ಹೀಗೆ ನೇರವಾಗಿ ಬರೆಯಲು ಶಾಲೆಗೆ ಮುಜುಗರ. ಆ ಮುಜುಗರದ ನಿಮಿಷಗಳನ್ನೆಲ್ಲ ಕೊನೆಯ ಎರಡು ಕಿಲೋಮೀಟರಿನಲ್ಲಿ ಚಾಲಕ ತುಂಬಿಕೊಡಬೇಕು.

ಬಸ್ ಕೆಟ್ಟು ನಿಂತಾಗಿನ ನಿಯಮವನ್ನೂ ತಿದ್ದಬೇಕು. 'ಬದಲಿ ಬಸ್ ಬರುವವರೆಗೆ ಮಕ್ಕಳು ಸೀಟಿನಲ್ಲೇ ಇರತಕ್ಕದ್ದು' ಎಂದಿದೆ. ಊರೊಳಗಿನ ಬೀದಿಗೆ ಸರಿ. ಹೆದ್ದಾರಿಯ ಓಡುವ ಲೇನಿನಲ್ಲೇ ನಿಂತುಬಿಟ್ಟರೆ, ಅಥವಾ ಎಂಜಿನ್ ಕಡೆಯಿಂದ ಹೊಗೆ ಬಂದರೆ, ಒಳಗೆ ಕೂರಿಸುವುದೇ ತಪ್ಪು. ಎಡಬದಿಗೆ ಇಳಿಸಿ ರಸ್ತೆಯಿಂದ ದೂರ, ಸಾಧ್ಯವಾದರೆ ತಡೆಗಂಬಿಯ ಆಚೆ ನಿಲ್ಲಿಸಿ ಎಣಿಸಬೇಕು. ಕೈಪಿಡಿ ಈ ಎರಡನ್ನು ಬೇರೆ ಮಾಡಿಲ್ಲ. ಖಾಸಗಿ ಆಟೊ, ವ್ಯಾನುಗಳ ಬಗ್ಗೆ ಇರುವುದು 'ಶಾಲೆ ಜವಾಬ್ದಾರಿಯಲ್ಲ' ಎಂಬ ಒಂದೇ ಸಾಲು. ಬಿಳಿ ಬೋರ್ಡಿನ, ಅಂದರೆ ಸ್ವಂತ ಬಳಕೆಗೆ ನೋಂದಾಯಿಸಿದ ವ್ಯಾನಿನಲ್ಲಿ ತಿಂಗಳಿಗೆ ಇಷ್ಟು ಎಂದು ದುಡ್ಡು ಕೊಟ್ಟು ಮಗುವನ್ನು ಕಳಿಸಿದರೆ ಅದು ಬಾಡಿಗೆ ಓಟ, ಸ್ವಂತ ಬಳಕೆಯ ಇನ್ಶೂರೆನ್ಸ್ ಅದಕ್ಕೆ ಮಾಡಿದ್ದಲ್ಲ, ಅಪಘಾತದಲ್ಲಿ ಕಂಪನಿ ತಕರಾರು ತೆಗೆಯುತ್ತದೆ ಎಂದು ಇನ್ನೊಂದು ಸಾಲು ಬರೆದಿದ್ದರೆ ಪೋಷಕರಿಗೆ ಉಪಕಾರವಾಗುತ್ತಿತ್ತು.

ಇನ್ನು ಪುಟ 19ರಿಂದ ಶುರುವಾಗುವ ದೂರಿನ ಅಧ್ಯಾಯ. 'ಯಾವುದೇ ಅಸಮಾಧಾನವಿದ್ದಲ್ಲಿ ಮೊದಲು ತರಗತಿ ಶಿಕ್ಷಕರನ್ನು ಭೇಟಿಯಾಗತಕ್ಕದ್ದು.' ದೂರು ತರಗತಿ ಶಿಕ್ಷಕರ ಮೇಲೆಯೇ ಇದ್ದರೆ? ಉತ್ತರವಿಲ್ಲ. ಟಿಪ್ಪಣಿ ಪುಸ್ತಕ ತಿದ್ದದಿರುವುದು, ಹೋಂವರ್ಕ್ ಹೊರೆ, ತರಗತಿಗೆ ತಡವಾಗಿ ಬರುವುದು ಇಂಥವಕ್ಕೆ ಆ ದಾರಿ ಸರಿ. ಹತ್ತರಲ್ಲಿ ಎಂಟು ಮಾತಾಡಿಯೇ ಮುಗಿಯುವಂಥವು. ಹೊಡೆತ, ಅವಮಾನ, ಜಾತಿ ಎತ್ತಿ ಆಡಿದ ಮಾತು, ಮೈ ಮುಟ್ಟಿದ ವಿಷಯ ಇವೆಲ್ಲಕ್ಕೂ ಅದೇ ದಾರಿ ತೋರಿಸಿರುವುದು ಅಧ್ಯಾಯದ ಮೂಲ ದೋಷ. ಒಂದೇ ನಮೂನೆ, ಒಂದೇ ಅವಧಿ, 15 ಕೆಲಸದ ದಿನ.

ಹೊಡೆತಕ್ಕೂ ಮಾನಸಿಕ ಹಿಂಸೆಗೂ ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಮಿನಲ್ಲಿ ನೇರ ನಿಷೇಧವಿದೆ. ಮಾಡಿದವರ ಮೇಲೆ ಸೇವಾ ನಿಯಮದಂತೆ ಶಿಸ್ತು ಕ್ರಮ ಆಗಬೇಕು. ಕೈಪಿಡಿ ಇದನ್ನು ಬಿಟ್ಟು ಬಾಲನ್ಯಾಯ ಕಾಯ್ದೆಯ 82ನೇ ಕಲಮು, ಹತ್ತು ಸಾವಿರ ದಂಡ ಎಂದು ಬರೆದಿದೆ. ಅದು ಮಕ್ಕಳ ಪಾಲನಾ ಸಂಸ್ಥೆಗಳಿಗೆ ಹೇಳಿದ್ದು, ಸಾಮಾನ್ಯ ಶಾಲೆಗಲ್ಲ. ಎಲ್ಲಿಂದಲೋ ಎತ್ತಿ ಅಂಟಿಸಿದ್ದಾರೆ.

ಅದಕ್ಕಿಂತ ಅಪಾಯದ್ದು ನಿಯಮ 6: 'ಲೈಂಗಿಕ ಸ್ವರೂಪದ ದೂರುಗಳನ್ನು ಶಾಲಾ ಸಮಿತಿ ಪರಿಶೀಲಿಸಿ, ಸತ್ಯಾಂಶ ಕಂಡುಬಂದಲ್ಲಿ ಪೊಲೀಸರಿಗೆ ತಿಳಿಸುವುದು.' ಇದು ತಲೆಕೆಳಗು. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆ 2012ರ 19ನೇ ಕಲಮಿನ ಪ್ರಕಾರ ವಿಷಯ ತಿಳಿದವರು, ಆಗಬಹುದೆಂಬ ಆತಂಕ ಇದ್ದವರು ಕೂಡ, ಸ್ಥಳೀಯ ಪೊಲೀಸರಿಗೋ ವಿಶೇಷ ಬಾಲ ಪೊಲೀಸ್ ಘಟಕಕ್ಕೋ ತಿಳಿಸಲೇಬೇಕು. ಸತ್ಯಾಂಶ ಹುಡುಕುವುದು ತನಿಖೆಯವರ ಕೆಲಸ. ಕೈಕೆಳಗಿನವರ ಬಗ್ಗೆ ಗೊತ್ತಿದ್ದೂ ತಿಳಿಸದ ಸಂಸ್ಥೆಯ ಮುಖ್ಯಸ್ಥರಿಗೆ 21ನೇ ಕಲಮಿನಲ್ಲಿ ಒಂದು ವರ್ಷದವರೆಗೆ ಜೈಲು ಮತ್ತು ದಂಡ ಇದೆ. ಅಂದರೆ ಈ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ ಹೆಡ್‌ಮಿಸ್ಸೇ ಆರೋಪಿಯಾಗುತ್ತಾರೆ. ಸಮಿತಿಯ ಐದು ಜನ ಮಗುವನ್ನು ಕೂರಿಸಿ ಐದು ಸಲ ಕೇಳಿದರೆ ಮಗುವಿಗೂ ಹಿಂಸೆ, ಹೇಳಿಕೆಯೂ ಕೆಡುತ್ತದೆ. ಮಗು ಮೊದಲು ಯಾರ ಬಳಿ ಹೇಳಿತೋ ಅವರು ಅದರ ಮಾತಿನಲ್ಲೇ ಒಂದು ಸಲ ಬರೆದುಕೊಂಡು ಹೊತ್ತು, ತಾರೀಖು ಹಾಕಿದರೆ ಶಾಲೆಯ ಪಾಲಿನ ವಿಚಾರಣೆ ಅಲ್ಲಿಗೆ ಮುಗಿಯಬೇಕು. ಮುಂದಿನ ಹೇಳಿಕೆಯನ್ನು ಮಹಿಳಾ ಪೊಲೀಸ್ ಅಧಿಕಾರಿ ಮಗುವಿನ ಮನೆಯಲ್ಲೋ ಮಗುವಿಗೆ ಒಗ್ಗುವ ಕಡೆಯೋ ಸಮವಸ್ತ್ರವಿಲ್ಲದೆ ಪಡೆಯುತ್ತಾರೆ. ಮಕ್ಕಳ ಸಹಾಯವಾಣಿ 1098 ಕೈಪಿಡಿಯ ಯಾವ ಪುಟದಲ್ಲೂ ಇಲ್ಲ. ಬಸ್ಸಿನ ಹಿಂಬದಿಯಲ್ಲಿ ಬರೆಸಿದ್ದಾರಂತೆ!

ನಿಯಮ 9 ನಗು ತರಿಸುತ್ತದೆ. 'ದೂರು ಸಾಬೀತಾಗದಿದ್ದಲ್ಲಿ ಪೋಷಕರು ಟಿ.ಸಿ. ಪಡೆಯತಕ್ಕದ್ದು.' ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಮು ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕಬಾರದು ಎನ್ನುತ್ತದೆ. ಪೋಷಕರ ಸಹಿ ಇದ್ದ ಮಾತ್ರಕ್ಕೆ ಕಾಯ್ದೆ ಮಲಗುವುದಿಲ್ಲ. ಆದರೆ ಹೆದರಿಸಲು ಈ ಸಾಲು ಸಾಕು, ಬರೆದಿರುವುದೂ ಅದಕ್ಕೇ.

ಶಿಕ್ಷಕರ ಪಾಲಿಗೂ ಈ ಅಧ್ಯಾಯ ಒಳ್ಳೆಯದಲ್ಲ, ಇದನ್ನು ಪೋಷಕರು ಗಮನಿಸುವುದು ಕಡಿಮೆ. ದೂರಿನ ಪ್ರತಿಯನ್ನು ಶಿಕ್ಷಕರಿಗೆ ಕೊಡಬೇಕು, ಉತ್ತರ ಬರೆಯಲು ಇಷ್ಟು ದಿನ ಕೊಡಬೇಕು ಎಂದು ಎಲ್ಲೂ ಇಲ್ಲ. 'ಆಡಳಿತ ಮಂಡಳಿಯ ತೀರ್ಮಾನವೇ ಅಂತಿಮ' ಎಂದಿದೆ. ಅಂತಿಮವಲ್ಲ. ಕರ್ನಾಟಕ ಶಿಕ್ಷಣ ಕಾಯ್ದೆ 1983ರ 92ನೇ ಕಲಮಿನಂತೆ ವಿಚಾರಣೆ ಇಲ್ಲದೆ ಖಾಸಗಿ ಶಾಲೆಯ ನೌಕರರನ್ನು ವಜಾ ಮಾಡುವಂತಿಲ್ಲ. 94ನೇ ಕಲಮಿನಲ್ಲಿ ಮೂರು ತಿಂಗಳೊಳಗೆ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಗಲಾಟೆಯಾಯಿತೆಂದು ರಾತ್ರೋರಾತ್ರಿ ಮಿಸ್ಸನ್ನು ತೆಗೆದುಹಾಕಿದ ಶಾಲೆಗಳು ಅಲ್ಲಿ ಮುಗ್ಗರಿಸುವುದು ಇದೇ ಕಾರಣಕ್ಕೆ. ತಪ್ಪು ಮಾಡಿದವರೂ ಹಿಂಬಾಕಿ ಸಂಬಳ ಸಮೇತ ವಾಪಸ್ ಬರುವ ದಾರಿ ಹಾಗೆ ತೆರೆಯುತ್ತದೆ. ಸರಿಯಾದ ಕ್ರಮ ಕಷ್ಟದ್ದೇನಲ್ಲ: ದೂರು ಬಂದ ದಿನವೇ ಪ್ರತಿ ಕೊಟ್ಟು ಸಹಿ ಪಡೆಯುವುದು, ಲಿಖಿತ ಸಮಜಾಯಿಷಿ ಕೇಳುವುದು, ಎರಡೂ ಕಡೆಯವರನ್ನು ಬೇರೆಬೇರೆ ಕೇಳುವುದು, ಕಾರಣ ಸಮೇತ ಆದೇಶ ಬರೆಯುವುದು. ವಿಚಾರಣೆ ಮುಗಿಯುವವರೆಗೆ ಶಿಕ್ಷಕರಿಗೆ ಬೇರೆ ವಿಭಾಗ ಕೊಡಬೇಕು. ಈ ಕೈಪಿಡಿ ಮಗುವನ್ನು ಬೇರೆ ವಿಭಾಗಕ್ಕೆ ಕಳಿಸುತ್ತದೆ.

ಅರ್ಧ ಅಂಕ ಗಿಟ್ಟಿಸಿದ ನಮೂನೆಯಲ್ಲಿ ಹೆಸರು, ತರಗತಿ ಆದ ಮೇಲೆ 'ದೂರಿನ ವಿವರ' ಎಂದು ಹತ್ತು ಖಾಲಿ ಗೆರೆ. ಖಾಲಿ ಗೆರೆ ಕೊಟ್ಟರೆ ಜನ ಹೀಗೆ ಬರೆಯುತ್ತಾರೆ: 'ಮಿಸ್ಸು ಯಾವಾಗಲೂ ನಮ್ಮ ಮಗುವಿಗೆ ಬೈಯುತ್ತಾರೆ, ದಯಮಾಡಿ ಕ್ರಮ ತೆಗೆದುಕೊಳ್ಳಿ.' ಇದರ ಮೇಲೆ ಯಾರೂ ಏನೂ ಮಾಡಲಾಗದು. ಹೀಗೆ ಬರೆದರೆ ತಳ್ಳಿಹಾಕುವುದು ಕಷ್ಟ: 'ಸೋಮವಾರ ನಾಲ್ಕನೇ ಪೀರಿಯಡ್, ಗಣಿತ, 5ನೇ ತರಗತಿ ಬಿ ವಿಭಾಗ. ಹೋಂವರ್ಕ್ ತರದ ಮೂವರನ್ನು ಬೋರ್ಡಿನ ಪಕ್ಕ ಮಂಡಿಯೂರಿಸಿ ಗಂಟೆ ಹೊಡೆಯುವವರೆಗೆ ನಿಲ್ಲಿಸಿದರು. ಪಕ್ಕದ ತರಗತಿಯ ಮೇಷ್ಟ್ರು ಸೀಮೆಸುಣ್ಣ ಕೇಳಲು ಬಂದಾಗ ನೋಡಿದ್ದಾರೆ. ಈ ಶಿಕ್ಷೆ ನಿಲ್ಲಬೇಕು, ಏನು ಕ್ರಮವಾಯಿತೆಂದು ಬರಹದಲ್ಲಿ ತಿಳಿಸಬೇಕು.' 'ಯಾವಾಗಲೂ' ಎಂಬ ಪದ ದೂರಿಗೆ ಶತ್ರು. ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿ ಮುದ್ರೆ, ತಾರೀಖು, ಕ್ರಮಸಂಖ್ಯೆ ಹಾಕಿಸಿಕೊಳ್ಳಿ. ಡೀಸೆಲ್ ಹಾಕಿಸಿದ್ದಕ್ಕೂ ರಸೀದಿ ಅಂಟಿಸುವ ಈ ಶಾಲೆ ದೂರಿಗೆ ಕ್ರಮಸಂಖ್ಯೆಯನ್ನೇ ಇಟ್ಟಿಲ್ಲ.

ಎರಡು ಅಧ್ಯಾಯ ಎದುರಾಗುವ ಜಾಗ ಒಂದಿದೆ: ಬಸ್ಸಿನೊಳಗೆ ನಡೆದದ್ದರ ದೂರು. ಆಯಾ ಮೇಲಿನ ದೂರು ಟ್ರಾನ್ಸ್‌ಪೋರ್ಟ್ ಇನ್‌ಚಾರ್ಜ್‌ಗೆ, ಬಸ್ ಡ್ಯೂಟಿಯಲ್ಲಿದ್ದ ಶಿಕ್ಷಕರ ಮೇಲಿನದು ಹೆಡ್‌ಮಿಸ್‌ಗೆ, 'ಆನ್ ಸ್ಕೂಲ್ ಡ್ಯೂಟಿ' ಎಂದು ಬರೆಸಿಕೊಂಡ ಬಾಡಿಗೆ ಬಸ್ಸಿನ ಚಾಲಕನ ಮೇಲಿನದು ಬಸ್ಸಿನ ಮಾಲೀಕನಿಗೆ. ಒಂದೇ ಸಂಜೆಯ ಒಂದೇ ಘಟನೆ ಮೂರು ಕಡೆ ಹರಿದು ಹಂಚಿಹೋಗುತ್ತದೆ. ಇನ್ನೂ ಒಂದು ತೊಡಕು ಕ್ಯಾಮೆರಾದ್ದು. ಬಸ್ಸಿನ ಕ್ಯಾಮೆರಾ ಒಳಗಿನ ಕಾರ್ಡಿಗೆ ದಾಖಲಿಸುತ್ತದೆ. ಕಾರ್ಡ್ ತುಂಬಿದರೆ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತದೆ. ಎಷ್ಟು ದಿನ ಉಳಿಯುತ್ತದೆ ಎನ್ನುವುದು ಕಾರ್ಡಿನ ಅಳತೆ, ಕ್ಯಾಮೆರಾಗಳ ಸಂಖ್ಯೆಯ ಮೇಲೆ ನಿಂತಿದೆ, ಕೆಲವೇ ದಿನವೂ ಆಗಬಹುದು. ಸಮಿತಿ ಸೇರಲು 15 ದಿನ ಇಟ್ಟುಕೊಂಡರೆ, ಸೇರುವ ಹೊತ್ತಿಗೆ ದೃಶ್ಯ ಇರುವುದಿಲ್ಲ. ಆಮೇಲೆ 'ಸಾಕ್ಷ್ಯ ಸಿಗಲಿಲ್ಲ' ಎಂದು ಬರೆಯಬಹುದು, ಅದು ಸುಳ್ಳೂ ಅಲ್ಲ. ಬಸ್ ನಂಬರ್, ತಾರೀಖು, ಇಷ್ಟರಿಂದ ಇಷ್ಟು ಗಂಟೆ ಎಂದು ಬರೆದು 'ಈ ಅವಧಿಯ ದೃಶ್ಯ ತೆಗೆದಿರಿಸಿ' ಎಂಬ ಪತ್ರವನ್ನು ದೂರಿಗಿಂತ ಮೊದಲೇ, ಅದೇ ಸಂಜೆ ಕೊಡಿ. ಆ ದಿನದ ಟ್ರಿಪ್ ಶೀಟಿನ ನಕಲನ್ನೂ ಕೇಳಿ. ಯಾರು ಚಾಲಕ, ಯಾರು ಆಯಾ, ಯಾವ ಸ್ಟಾಪ್ ಎಷ್ಟು ಹೊತ್ತಿಗೆ ಎಂಬುದೆಲ್ಲ ಅದರಲ್ಲಿದೆ.

ಹೊರಗಿನ ಅಧಿಕಾರಿಗಳ ಪುಟದಲ್ಲಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ), ಡಿಡಿಪಿಐ (ಶೈಕ್ಷಣಿಕ ಜಿಲ್ಲೆಯ ಉಪನಿರ್ದೇಶಕರು) ತುಮಕೂರು, ಆರ್‌ಟಿಒ ಎಂದಷ್ಟೇ ಇದೆ. ಇದೇ ಆಡಳಿತ ಮಂಡಳಿಯ ಶಿರಾ ಶಾಲೆಗೂ ಇದೇ ಪುಸ್ತಿಕೆ ಹಂಚುತ್ತಿದ್ದಾರೆ, ಅಲ್ಲಿಗೆ ಈ ವಿಳಾಸ ತಪ್ಪು. ಜಿಲ್ಲೆಯಲ್ಲಿ ಶೈಕ್ಷಣಿಕ ಜಿಲ್ಲೆ ಎರಡು. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಮಧುಗಿರಿಯ ಡಿಡಿಪಿಐಗೆ ಸೇರುತ್ತವೆ. ಬಿಇಒ ಕಚೇರಿಯ ಟಪಾಲಿನಲ್ಲಿ ಕೊಟ್ಟ ಅರ್ಜಿಗೂ ಇನ್‌ವರ್ಡ್ ನಂಬರ್ (ಅರ್ಜಿ ಬಂದದ್ದಕ್ಕೆ ಕಚೇರಿ ಹಾಕುವ ಸಂಖ್ಯೆ) ಪಡೆಯಬೇಕು. ಶಿಕ್ಷಣ ಹಕ್ಕು ಕಾಯ್ದೆಯ 32ನೇ ಕಲಮಿನಡಿ ಸ್ಥಳೀಯ ಪ್ರಾಧಿಕಾರಕ್ಕೆ ತೀರ್ಮಾನಕ್ಕಿರುವುದು ಮೂರು ತಿಂಗಳು. ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ಆ ಮೂರು ತಿಂಗಳು ಯಾವ ದಿನದಿಂದ ಎಂದು ಹೇಳಲು ಇನ್‌ವರ್ಡ್ ನಂಬರ್ ಬಿಟ್ಟರೆ ಬೇರೆ ಆಧಾರ ಇರುವುದಿಲ್ಲ.

ಕೊನೆಯ ಹಾಳೆಯನ್ನು ಇನ್ನೂ ಹರಿದು ಕೊಡದವರು ಸಹಿಯ ಮೇಲೆ ಕೈಬರಹದಲ್ಲಿ 'ನಿಯಮ 6 ಮತ್ತು 9 ಹೊರತುಪಡಿಸಿ' ಎಂದು ಸೇರಿಸಿ, ಅದರ ಫೋಟೊ ತೆಗೆದಿಟ್ಟುಕೊಂಡು ಕೊಡಿ. ಆಫೀಸಿನಲ್ಲಿ ಹೊಸ ಹಾಳೆ ಕೊಟ್ಟು ಮತ್ತೆ ಸಹಿ ಹಾಕಿ ಎಂದರೆ, ಹಾಗೆ ಬರೆದದ್ದನ್ನು ಏಕೆ ಒಪ್ಪುವುದಿಲ್ಲ ಎಂದು ಹಿಂಬರಹ, ಅಂದರೆ ಬರಹದಲ್ಲಿ ಉತ್ತರ ಕೇಳಿ.